ಮಹಾಯುದ್ಧದ ಒಂದು ದಿನವನ್ನು ಒಂದೇ ಹಾಳೆಯಲ್ಲಿ ಬರೆಯುವುದು ಹೇಗೆ?

ಎರಡನೇ ಮಹಾಯುದ್ಧದ ಬಗ್ಗೆ ಎಷ್ಟು ಓದಿದರೂ ಒಂದು ತೊಂದರೆ ಇದ್ದೇ ಇರುತ್ತದೆ. ನಾರ್ಮಂಡಿ ಒಂದು ಪುಸ್ತಕದಲ್ಲಿ, ಇಂಫಾಲ ಇನ್ನೊಂದರಲ್ಲಿ, ರಷ್ಯಾ ಮತ್ತೊಂದರಲ್ಲಿ. ಇವೆಲ್ಲ ಒಟ್ಟೊಟ್ಟಿಗೇ ನಡೆಯುತ್ತಿದ್ದವು ಅನ್ನೋದು ತಲೆಗೆ ಹತ್ತುವುದೇ ಇಲ್ಲ. ಇದಕ್ಕೆ ಮದ್ದು, ಒಂದು ತಾರೀಕು ಹಿಡಿದು ಆ ದಿನದ ಯುದ್ಧವರದಿಯನ್ನು ನಾವೇ ಬರೆಯುವುದು. ಲಂಡನ್ನಿನಲ್ಲಿ ಚರ್ಚಿಲ್ ಸರ್ಕಾರದ ನೆಲಮಾಳಿಗೆಯ ಕೋಣೆಗಳಲ್ಲಿ ನಡೆಯುತ್ತಿದ್ದದ್ದೂ ಇದೇ ಕೆಲಸ. ಭೂಸೇನೆ, ನೌಕಾಪಡೆ, ವಾಯುಪಡೆಯ ಅಧಿಕಾರಿಗಳು ಹಗಲೂ ರಾತ್ರಿ ಪಾಳಿಯಲ್ಲಿ ಕೂತು, ಗೋಡೆಯ ಭೂಪಟಕ್ಕೆ ಪಿನ್ನು ಚುಚ್ಚುತ್ತಾ, ದಿನಾ ಬೆಳಿಗ್ಗೆ ರಾಜನಿಗೆ, ಪ್ರಧಾನಿಗೆ, ಸೇನಾ ಮುಖ್ಯಸ್ಥರಿಗೆ ಒಂದು ಸಾರಾಂಶ ಕಳಿಸುತ್ತಿದ್ದರು. ನಮಗೆ ಒಂದು ಅಟ್ಲಾಸು, ಒಂದು ಪೆನ್ಸಿಲು ಸಾಕು. ಪೆನ್ನು ಬೇಡ.

ಮೊದಲು ತಾರೀಕು. ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದ 1944ರ ಜೂನ್ 6 ಬೇಡ, ಅದನ್ನು ಎಲ್ಲರೂ ಬರೆದಿದ್ದಾರೆ. ನಾನು ಜೂನ್ 22 ತಗೊಂಡೆ.

ಆಮೇಲೆ ರಣರಂಗಗಳ ಹೆಸರು ಮಾತ್ರ ಬರೆದು ಮುಂದೆ ಜಾಗ ಬಿಡಿ. ಫ್ರಾನ್ಸ್, ಇಟಲಿ, ರಷ್ಯಾ, ಬರ್ಮಾ ಗಡಿ, ಪೆಸಿಫಿಕ್, ಚೀನಾ. ಸುದ್ದಿ ಸಿಕ್ಕ ಹಾಗೆ ಬರೆಯುತ್ತಾ ಹೋದರೆ ಚೀನಾ ಬಿಟ್ಟೇ ಹೋಗುತ್ತದೆ, ನನಗೂ ಹಾಗೇ ಆಗಿತ್ತು. ಖಾಲಿ ಜಾಗ ಕಣ್ಣಿಗೆ ಚುಚ್ಚಿದರೆ ತಾನಾಗೇ ಹುಡುಕುತ್ತೇವೆ. ಜೂನ್ 18ಕ್ಕೆ ಚಾಂಗ್ಶಾ ಜಪಾನಿಯರ ಕೈಗೆ ಬಿದ್ದಿತ್ತು, ಈಗ ಅವರು ಹೆಂಗ್‌ಯಾಂಗ್ ಊರಿನ ಬಾಗಿಲಲ್ಲಿದ್ದರು.

ಈಗ ತುಂಬಿಸಿ. ಯಾವ ಊರು, ಯಾರು, ಯಾವ ಕಡೆಗೆ, ಇಷ್ಟೇ. ನಮಗೆ ಹತ್ತಿರದ್ದರಿಂದ ಶುರು ಮಾಡೋಣ. ಮಾರ್ಚ್ ಕೊನೆಯಲ್ಲಿ ಜಪಾನಿಯರು ಇಂಫಾಲಕ್ಕೆ ಹೋಗುವ ರಸ್ತೆ ಕಡಿದಿದ್ದರು, ಸುಮಾರು ಮೂರು ತಿಂಗಳು ಊಟ, ಮದ್ದುಗುಂಡು ಎಲ್ಲ ವಿಮಾನದಲ್ಲೇ ಹೋಗಬೇಕಾಗಿತ್ತು. ಜೂನ್ 22ರಂದು ಕೊಹಿಮಾ ಕಡೆಯಿಂದ ಬಂದ ಬ್ರಿಟಿಷ್ 2ನೇ ಡಿವಿಷನ್, ಇಂಫಾಲ ಕಡೆಯಿಂದ ಬಂದ 5ನೇ ಇಂಡಿಯನ್ ಡಿವಿಷನ್ 109ನೇ ಮೈಲಿಗಲ್ಲಿನ ಹತ್ತಿರ ಕೂಡಿಕೊಂಡವು. ರಸ್ತೆ ತೆರೆಯಿತು. ಅದೇ ದಿನ ಫ್ರಾನ್ಸಿನಲ್ಲಿ ಅಮೆರಿಕನ್ನರು ಶೆರ್ಬೂರ್ ಬಂದರಿನ ಮೇಲೆ ಬಿದ್ದರು. ಅವರಿಗೆ ಅಷ್ಟು ಅವಸರ ಯಾಕೆ ಅಂದರೆ, 19ರಿಂದ ಎದ್ದ ಬಿರುಗಾಳಿ ಅವರು ಕಡಲ ತೀರದಲ್ಲಿ ಕಟ್ಟಿಕೊಂಡಿದ್ದ ಕೃತಕ ಬಂದರನ್ನೇ ಮುರಿದು ಹಾಕಿತ್ತು. ಹೀಗೆ ಹವಾಮಾನವೂ ವರದಿಯಲ್ಲಿ ಇರಬೇಕು, ಅಲ್ವಾ? ಇಟಲಿಯಲ್ಲಿ ಟ್ರಾಸಿಮೆನೊ ಸರೋವರದ ಸುತ್ತ ಮಿತ್ರಪಡೆಗಳಿಗೂ ಜರ್ಮನ್ನರಿಗೂ ಜಗ್ಗಾಟ. ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಲ್ಲಿ ಅಮೆರಿಕನ್ನರಿಗೂ ಜಪಾನಿಯರಿಗೂ ಕಾಳಗ ಮುಂದುವರಿದಿತ್ತು.

ಮುಂದಿನ ಕೆಲಸ ಗಡಿಯಾರದ್ದು. ಪ್ರತಿ ಸಮಯದ ಮುಂದೆ ಅದು ಎಲ್ಲಿಯ ಸಮಯ ಅಂತ ಬರೆಯಿರಿ. ನಾರ್ಮಂಡಿಯಲ್ಲಿ ಸೈನ್ಯ ಇಳಿದ ಮೊದಲ ಅಧಿಕೃತ ಪ್ರಕಟಣೆ ಬಂದದ್ದು ಲಂಡನ್ನಿನ ಬೆಳಿಗ್ಗೆ 9:32ಕ್ಕೆ. ಆಗ ಬ್ರಿಟನ್ನು ಗಡಿಯಾರವನ್ನು ಗ್ರೀನಿಚ್‌ಗಿಂತ ಎರಡು ಗಂಟೆ ಮುಂದೆ ಇಟ್ಟಿತ್ತು, ಭಾರತವೂ ಯುದ್ಧಕಾಲದಲ್ಲಿ ಈಗಿನದಕ್ಕಿಂತ ಒಂದು ಗಂಟೆ ಮುಂದಿತ್ತು. ಹಾಗಾಗಿ ನಮ್ಮಲ್ಲಿ ಆಗ ಮಧ್ಯಾಹ್ನ 2:02. ಪೆಸಿಫಿಕ್‌ನಲ್ಲಂತೂ ತಾರೀಕೇ ಬದಲಾಗುತ್ತದೆ. ಪರ್ಲ್ ಹಾರ್ಬರ್ ದಾಳಿ ಹವಾಯಿಯಲ್ಲಿ ಡಿಸೆಂಬರ್ 7, ಟೋಕಿಯೋದಲ್ಲಿ 8.

ಇನ್ನು ಜಾಸ್ತಿ ಹೊತ್ತು ಹಿಡಿಯುವ ಭಾಗ. ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಅವತ್ತು ಹೇಳಿದ್ದು, ಬಲಕ್ಕೆ ಆಮೇಲೆ ಗೊತ್ತಾದದ್ದು. ಮಿಡ್‌ವೇ ಕಾಳಗದಲ್ಲಿ ಜಪಾನಿನ ನಾಲ್ಕು ವಿಮಾನವಾಹಕ ಹಡಗುಗಳು ಮುಳುಗಿದವು, ಟೋಕಿಯೋ ಒಪ್ಪಿಕೊಂಡದ್ದು ಒಂದನ್ನು. ಸುಳ್ಳು ಹೇಳಬೇಕು ಅಂತಲೇ ಹೇಳಿದ್ದು ಇದು. ಆದರೆ ಎಲ್ಲ ತಪ್ಪೂ ಸುಳ್ಳಲ್ಲ. 1940ರ ಸೆಪ್ಟೆಂಬರ್ 15ರಂದು ಬ್ರಿಟನ್ 185 ಜರ್ಮನ್ ವಿಮಾನ ಉರುಳಿಸಿದೆವು ಅಂದಿತು, ನಿಜವಾಗಿ ಬಿದ್ದದ್ದು ಸುಮಾರು 60. ಒಂದೇ ವಿಮಾನಕ್ಕೆ ಇಬ್ಬರು ಮೂವರು ಪೈಲಟ್‌ಗಳು ಗುಂಡು ಹಾರಿಸಿ, ಎಲ್ಲರೂ ನಾನೇ ಬೀಳಿಸಿದ್ದು ಅಂತ ಬಂದು ಹೇಳಿದರೆ ಲೆಕ್ಕ ಹಾಗೇ ಏರುತ್ತದೆ.

ಮಾತಿನ ಮೇಲೂ ಒಂದು ಕಣ್ಣಿಡಿ. ಪೆಸಿಫಿಕ್ ದ್ವೀಪ ಗ್ವಾಡಲ್ಕನಾಲ್‌ನಿಂದ ಕಾಲು ಕಿತ್ತಾಗ ಜಪಾನ್ ಬಳಸಿದ ಪದ ‘ಟೆನ್ಶಿನ್’, ಅಂದರೆ ದಿಕ್ಕು ಬದಲಿಸಿ ಮುಂದೆ ಹೋದೆವು ಅಂತ! ಜರ್ಮನ್ನರದ್ದು ‘ಯೋಜನೆಯಂತೆ’ ಹಿಂದೆ ಸರಿಯುವುದು. ಇಂಥ ಪದ ಸಿಕ್ಕರೆ ಭೂಪಟದಲ್ಲಿ ಊರ ಹೆಸರು ನೋಡಿ. ನಿನ್ನೆಯ ಊರಿಗಿಂತ ಇವತ್ತಿನದು ಹಿಂದಿದ್ದರೆ ಮುಗಿಯಿತು.

ಪೆನ್ಸಿಲು ಯಾಕೆ ಅಂದರೆ, ರಷ್ಯಾದ ಸಾಲನ್ನು ನಾನು ಮೂರು ಸಲ ಅಳಿಸಿದ್ದೇನೆ. ಬೆಲಾರೂಸ್‌ನಲ್ಲಿ ಕೆಂಪು ಸೇನೆಯ, ಅಂದರೆ ಸೋವಿಯತ್ ಸೇನೆಯ, ದೊಡ್ಡ ದಾಳಿ ಶುರುವಾದದ್ದು ಜೂನ್ 22 ಅಂತ ಕೆಲವರು, 23 ಅಂತ ಇನ್ನು ಕೆಲವರು. 22ರಂದು ನಡೆದದ್ದು ಜರ್ಮನ್ನರ ಬಲ ಎಷ್ಟಿದೆ ಅಂತ ತಡವಿ ನೋಡುವ ದಾಳಿಗಳು, ಮುಖ್ಯ ಹೊಡೆತ ಬಿದ್ದದ್ದು ಮರುದಿನ. ಅದಕ್ಕೇ 22ರ ಹಾಳೆಯಲ್ಲಿ ‘ಕೆಲವು ಕಡೆ ಸಣ್ಣ ದಾಳಿ’ ಅಂತಷ್ಟೇ ಬರೆದೆ. ದೊಡ್ಡದು 23ರ ಹಾಳೆಗೆ, ಮೊದಲನೇ ಸಾಲಿಗೇ ಹೋಯಿತು.