ಟ್ರಾಮ್ಸೊಗೆ ಹೊರಟವರಿಗೆ: ಧ್ರುವಪ್ರಭೆಯ ಪ್ರವಾಸವನ್ನು ಮೊದಲ ರಾತ್ರಿಗೇ ಇಟ್ಟುಕೊಳ್ಳಿ

ಉತ್ತರ ನಾರ್ವೆಯ ಟ್ರಾಮ್ಸೊಗೆ ಚಳಿಗಾಲದಲ್ಲಿ ಹೋಗುವವರು ಧ್ರುವಪ್ರಭೆ (ರಾತ್ರಿಯ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ‘ನಾರ್ದರ್ನ್ ಲೈಟ್ಸ್’) ತೋರಿಸುವ ಬಸ್ ಪ್ರವಾಸವನ್ನು ಕೊನೆಯ ದಿನಕ್ಕೆ ಬಿಡಬೇಡಿ. ಮೊದಲ ರಾತ್ರಿಗೇ ಕಾಯ್ದಿರಿಸಿದರೆ, ಅಂದು ಏನೂ ಕಾಣದಿದ್ದರೂ ಇನ್ನೊಮ್ಮೆ ಹೋಗಲು ದಿನಗಳು ಉಳಿದಿರುತ್ತವೆ.

ಮೊಬೈಲಿನಲ್ಲಿ ‘ಕೆಪಿ’ ಸೂಚ್ಯಂಕ (ಭೂಮಿಯ ಕಾಂತಕ್ಷೇತ್ರದ ಏರಿಳಿತವನ್ನು ಸೊನ್ನೆಯಿಂದ ಒಂಬತ್ತರವರೆಗೆ ಅಳೆಯುವ ಅಂಕಿ) ನೋಡಿ ಕಳವಳಪಡುವವರೇ ಹೆಚ್ಚು. ಈ ಊರು ಧ್ರುವಪ್ರಭೆಯ ವಲಯದೊಳಗೇ ಇರುವುದರಿಂದ ಸೂಚ್ಯಂಕ ಕಡಿಮೆಯಿದ್ದರೂ ಬೆಳಕು ಕಾಣಬಹುದು. ನಿಜವಾದ ಶತ್ರು ಮೋಡ. ಕರಾವಳಿಯಲ್ಲಿ ಮೋಡ ಕವಿದಿದ್ದರೆ ಅನುಭವಿ ಮಾರ್ಗದರ್ಶಕರು ಬಸ್ಸನ್ನು ಒಳನಾಡಿಗೆ, ಕೆಲವೊಮ್ಮೆ ಫಿನ್ಲೆಂಡ್ ಗಡಿ ದಾಟಿಸಿಯೂ ಒಯ್ಯುತ್ತಾರೆ. ಆದ್ದರಿಂದ ಪಾಸ್‌ಪೋರ್ಟ್ ಜೊತೆಗಿರಲಿ. ಒಂದೇ ಜಾಗದಲ್ಲಿ ಕಾಯಿಸುವ ಅಗ್ಗದ ಪ್ರವಾಸಕ್ಕಿಂತ ಹೀಗೆ ಮೋಡವಿಲ್ಲದ ಜಾಗ ಹುಡುಕಿ ಒಯ್ಯುವ ಪ್ರವಾಸಕ್ಕೆ ಹಣ ಕೊಡುವುದೇ ಮೇಲು. ದಪ್ಪ ಹೊರಉಡುಪನ್ನೂ ಬೂಟನ್ನೂ ಅನೇಕ ಪ್ರವಾಸ ಆಯೋಜಕರು ತಾವೇ ಕೊಡುತ್ತಾರೆ. ಕೇಳದೆ ದುಬಾರಿ ಜಾಕೆಟ್ ಕೊಳ್ಳಬೇಡಿ. ಒಳಗೆ ಹತ್ತಿಯ ಬದಲು ಉಣ್ಣೆ ಧರಿಸಿ.

ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗ ಶಿಬಿರಗಳಲ್ಲಿ ಊಟವೆಂದರೆ ಸಾಮಾನ್ಯವಾಗಿ ಹಿಮಸಾರಂಗದ ಮಾಂಸದ ಸಾರು. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸಬೇಕು. ನಮ್ಮವರು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ!

ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದಿಲ್ಲ; ನಡುಹಗಲಲ್ಲಿ ಕೆಲವು ಗಂಟೆ ನೀಲಿ ಮಬ್ಬುಬೆಳಕು ಮಾತ್ರ. ಕೇಬಲ್ ಕಾರಿನಲ್ಲಿ 421 ಮೀಟರ್ ಎತ್ತರದ ಸ್ಟೂರ್‌ಸ್ಟೈನನ್ ಬೆಟ್ಟಕ್ಕೆ ಹೋಗುವುದಿದ್ದರೆ ಆ ಹೊತ್ತಿಗೇ ಹೋಗಿ. ಅದಕ್ಕೆ ಮಾರ್ಗದರ್ಶಕರು ಬೇಕಿಲ್ಲ, ಕೇಬಲ್ ಕಾರಿನವರೆಗೆ ಊರಿನ ಬಸ್ಸೇ ಸಾಕು.