ಲೈಡನ್‌ನಲ್ಲಿ ನನ್ನ ಏಪ್ರಿಲ್

ನಾನಿರುವುದು ನೆದರ್ಲೆಂಡ್ಸ್‌ನ ಲೈಡನ್ ಊರಿನಲ್ಲಿ. ಮಾರ್ಚ್ ಬಂತೆಂದರೆ ನಮ್ಮೂರಿನಿಂದ ಮೆಸೇಜ್ ಶುರು. "ಟುಲಿಪ್ ನೋಡೋಕೆ ಯಾವಾಗ ಬರಬೇಕು?" ಏಪ್ರಿಲ್ ಮಧ್ಯದಲ್ಲಿ ಬನ್ನಿ ಅನ್ನುತ್ತೇನೆ. ಚಳಿ ಎಳೆದುಕೊಂಡು ಹೋದ ವರ್ಷ ಹೂವೂ ತಡ. ಇಲ್ಲಿ ಹೂಗಳು ಸರದಿಯಲ್ಲಿ ಬರುತ್ತವೆ. ಫೆಬ್ರವರಿ ಕೊನೆಗೆ ಹುಲ್ಲಿನ ನಡುವೆ ಕ್ರೋಕಸ್, ಮಾರ್ಚ್‌ನಲ್ಲಿ ಡ್ಯಾಫೊಡಿಲ್, ಆಮೇಲೆ ಹಯಸಿಂತ್, ಅದರ ಬೆನ್ನಿಗೆ ಟುಲಿಪ್.

ಬಂದವರಿಗೆ ಲಿಸ್ಸ ಊರಿನ ಕ್ಯೂಕನ್‌ಹಾಫ್ ತೋಟ ತೋರಿಸಲೇಬೇಕು. 32 ಹೆಕ್ಟೇರ್ ಜಾಗ, ಪ್ರತಿ ವರ್ಷ ಸುಮಾರು 70 ಲಕ್ಷ ಹೂವಿನ ಗಡ್ಡೆಗಳನ್ನು ಕೈಯಲ್ಲೇ ನೆಡುತ್ತಾರೆ. ತೆರೆದಿರುವುದು ಸುಮಾರು ಎಂಟು ವಾರ ಮಾತ್ರ. ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ರಜೆ ದಿನ ಹೋದರೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಭಾನುವಾರದಷ್ಟೇ ಜನ. ವಾರದ ನಡುವೆ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗುವುದು ಒಳ್ಳೆಯದು.

ನನಗೆ ಹೆಚ್ಚು ಇಷ್ಟ ಹೊರಗಿನ ಹೊಲಗಳು. ಲೈಡನ್ ಮತ್ತು ಹಾರ್ಲೆಮ್ ನಡುವಿನ ಮರಳು ಮಿಶ್ರಿತ ನೆಲದಲ್ಲಿ ಗಡ್ಡೆ ಬೆಳೆಯುತ್ತಾರೆ. ಈ ಎರಡು ಊರುಗಳ ನಡುವಿನ ರೈಲಿನಲ್ಲಿ ಸುಮ್ನೆ ಕಿಟಕಿ ಪಕ್ಕ ಕೂತರೂ ಸಾಕು, ಹಿಲ್ಲೆಖೊಮ್ ಹತ್ತಿರ ಹೊಲಗಳು ಕಾಣುತ್ತವೆ. ನಾನು ಸೈಕಲ್‌ನಲ್ಲಿ ಹೋಗುತ್ತೇನೆ. ದಾರಿ ಪೂರ್ತಿ ಸಮತಟ್ಟು, ಏರು ಎಲ್ಲೂ ಇಲ್ಲ. ಎದುರುಗಾಳಿಯದ್ದೇ ಕಾಟ. ಹಯಸಿಂತ್ ಹೊಲ ಇನ್ನೂ ಕಣ್ಣಿಗೆ ಬೀಳುವ ಮೊದಲೇ ವಾಸನೆ ಬಂದಿರುತ್ತದೆ.

ಒಂದು ಸಲ ಹೊಲದಲ್ಲಿ ಯಂತ್ರ ಓಡುತ್ತಿತ್ತು. ಅರಳಿ ನಿಂತ ಕೆಂಪು ಟುಲಿಪ್‌ಗಳ ತಲೆಯನ್ನು ಕತ್ತರಿಸುತ್ತಾ ಹೋಗುತ್ತಿತ್ತು. ಸಾಲುಗಳ ಮಧ್ಯೆ ಬರೀ ದಳಗಳು. ನನ್ನ ಹೊಟ್ಟೆ ಉರಿಯಿತು! ನಮ್ಮಲ್ಲಾದರೆ ಅಷ್ಟು ಹೂವು ಮಾರುಕಟ್ಟೆಗೆ ಹೋಗುತ್ತಿತ್ತು ಅಲ್ವಾ? ಬೇಲಿಯ ಪಕ್ಕ ನಿಂತಿದ್ದ ರೈತರನ್ನೇ ಕೇಳಿದೆ. ಅವರು ಮಾರುವುದು ಹೂವನ್ನಲ್ಲ, ಗಡ್ಡೆಯನ್ನು. ಹೂವು ಬೀಜ ಕಟ್ಟಲು ಹೊರಟರೆ ಗಿಡದ ಶಕ್ತಿ ಅಲ್ಲಿಗೇ ಹೋಗುತ್ತದೆ. ತಲೆ ತೆಗೆದರೆ ಗಡ್ಡೆ ದಪ್ಪವಾಗುತ್ತದೆ. ಹಾಗಾದರೆ ಅರಳಲು ಯಾಕೆ ಬಿಡುತ್ತೀರಿ ಅಂದೆ. ಅರಳಿದರೇ ರೋಗ ಗೊತ್ತಾಗುವುದಂತೆ. ದಳದಲ್ಲಿ ಬಣ್ಣ ಒಡೆದಿದ್ದರೆ ವೈರಸ್ ಇದೆ ಎಂದರ್ಥ, ಅಂಥ ಗಿಡವನ್ನು ಕಿತ್ತು ಬಿಸಾಡುತ್ತಾರೆ. ತಮಾಷೆ ನೋಡಿ, 1630ರ ದಶಕದಲ್ಲಿ ಇಲ್ಲಿನವರು ಹುಚ್ಚು ಹಿಡಿದವರ ಹಾಗೆ ಹಣ ಸುರಿದದ್ದು ಅಂಥ ಪಟ್ಟೆ ಪಟ್ಟೆ ಹೂವಿನ ಗಡ್ಡೆಗೇ. ಆಗ ಅದು ವೈರಸ್ ಅಂತ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಫೋಟೊಗಾಗಿ ಸಾಲುಗಳ ಒಳಗೆ ಇಳಿಯಬೇಡಿ. ಗಿಡ ತುಳಿತಕ್ಕೆ ಸಿಗುತ್ತದೆ, ಚಪ್ಪಲಿಯ ಮಣ್ಣಿನಲ್ಲಿ ಒಂದು ಹೊಲದ ರೋಗ ಇನ್ನೊಂದಕ್ಕೂ ದಾಟಬಹುದು.

ಯುಗಾದಿಗೆ ಇಲ್ಲಿ ಮಾವಿನ ತೋರಣ ಎಲ್ಲಿಂದ ಬರಬೇಕು? ನಾನು ದೇವರಿಗೆ ಡ್ಯಾಫೊಡಿಲ್ ಇಡುತ್ತೇನೆ. ಅದೇ ಸುಮಾರಿಗೆ ಪಕ್ಕದ ಮನೆಯ ಅಜ್ಜಿ ಈಸ್ಟರ್‌ಗೆಂದು ಹೂದಾನಿಯಲ್ಲಿ ಒಣ ಕೊಂಬೆಗಳನ್ನಿಟ್ಟು ಬಣ್ಣದ ಮೊಟ್ಟೆ ತೂಗುಹಾಕುತ್ತಾರೆ. ಡ್ಯಾಫೊಡಿಲ್ ಮತ್ತು ಟುಲಿಪ್ ಒಟ್ಟಿಗೆ ಇಡಬೇಡ ಅಂತ ಹೇಳಿಕೊಟ್ಟವರು ಅವರೇ. ಡ್ಯಾಫೊಡಿಲ್ ದಂಟಿನ ಲೋಳೆ ನೀರಿಗೆ ಇಳಿದರೆ ಟುಲಿಪ್ ಬೇಗ ಬಾಡುತ್ತದೆ. ಟುಲಿಪ್ ಅಂತೂ ಹೂದಾನಿಯಲ್ಲೂ ಬೆಳೆಯುತ್ತಲೇ ಇರುತ್ತದೆ, ಬೆಳಕಿನ ಕಡೆ ಬಾಗುತ್ತದೆ.

ಏಪ್ರಿಲ್ 27 ರಾಜ ವಿಲ್ಲೆಮ್ ಅಲೆಕ್ಸಾಂಡರ್ ಹುಟ್ಟುಹಬ್ಬ, ಕೋನಿಂಗ್ಸ್‌ದಾಖ್, ಅಂದರೆ ರಾಜನ ದಿನ. ಅದು ಭಾನುವಾರ ಬಿದ್ದರೆ ಹಿಂದಿನ ದಿನವೇ ಆಚರಣೆ. ಊರೆಲ್ಲ ಕಿತ್ತಳೆ ಬಣ್ಣ, ಯಾಕೆಂದರೆ ಅರಸು ಮನೆತನದ ಹೆಸರೇ ಆರೇಂಜ್. ಕಿತ್ತಳೆ ಟೀ ಶರ್ಟ್ ಕೊಳ್ಳುವ ಬದಲು ನಾನು ಪೆಟ್ಟಿಗೆಯಲ್ಲಿದ್ದ ಕಿತ್ತಳೆ ಇಳಕಲ್ ಸೀರೆ ಉಟ್ಟೆ. ಎಷ್ಟೋ ಜನ ನಿಲ್ಲಿಸಿ ಮಾತಾಡಿಸಿದರು. ಆ ದಿನ ಯಾರು ಬೇಕಾದರೂ ಬೀದಿಯಲ್ಲಿ ಚಾಪೆ ಹಾಸಿ ಹಳೆ ಸಾಮಾನು ಮಾರಬಹುದು. ಮಗಳು ತನ್ನ ಆಟಿಕೆಗಳನ್ನು ಹರಡಿಕೊಂಡು ಕೂತಳು. ಚೌಕಾಸಿಯಲ್ಲಿ ಡಚ್ಚರು ನಮಗೇನೂ ಕಮ್ಮಿ ಇಲ್ಲ, ಆಟಿಕೆ ಕಾರಿಗೂ ಐವತ್ತು ಸೆಂಟ್ ಇಳಿಸುತ್ತಾರೆ. ಸಂಜೆ ಟೊಂಪೂಸ್ ಅನ್ನುವ ಕ್ರೀಮ್ ತುಂಬಿದ, ಕಿತ್ತಳೆ ಬಣ್ಣದ ಸಿಹಿ ತಿನಿಸು ತಿನ್ನಬೇಕು. ಕಚ್ಚಿದರೆ ಕ್ರೀಮ್ ನಾಲ್ಕೂ ಕಡೆಯಿಂದ ಹೊರಗೆ ಬರುತ್ತದೆ, ಮರ್ಯಾದೆಯಿಂದ ತಿನ್ನುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಒಂದೇ ವಾರ ಕಳೆದು ಮೇ 4ರಂದು ಎರಡನೇ ಮಹಾಯುದ್ಧದಲ್ಲೂ ಆಮೇಲಿನ ಯುದ್ಧಗಳಲ್ಲೂ ಸತ್ತವರ ಸ್ಮರಣೆ. ರಾತ್ರಿ 8ಕ್ಕೆ ಎರಡು ನಿಮಿಷ ಮೌನ. ಪ್ರವಾಸಕ್ಕೆ ಬಂದವರಿಗೆ ಇದನ್ನು ಮೊದಲೇ ಹೇಳಿಡುತ್ತೇನೆ, ಆ ಹೊತ್ತಿಗೆ ಬೀದಿಯಲ್ಲಿದ್ದರೆ ನಿಂತುಬಿಡಿ. ಮರುದಿನ, ಮೇ 5, ಆ ಮಹಾಯುದ್ಧದಲ್ಲಿ ಜರ್ಮನ್ನರ ಹಿಡಿತದಿಂದ ದೇಶ ಬಿಡುಗಡೆಯಾದ ನೆನಪಿಗೆ ವಿಮೋಚನೆಯ ಹಬ್ಬ. ಅಂದು ಹಾಡು, ಕುಣಿತ ಎಲ್ಲ ಉಂಟು.

"ಬರುವಾಗ ನಾಲ್ಕು ಗಡ್ಡೆ ತಾ" ಅಂತ ಅಮ್ಮ ಕೇಳುತ್ತಲೇ ಇರುತ್ತಾರೆ. ಹೂವು ಬಿಡಬೇಕಾದರೆ ಟುಲಿಪ್ ಗಡ್ಡೆಗೆ ಮೂರು ನಾಲ್ಕು ತಿಂಗಳು ಚಳಿ ಬೇಕು, ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ಅದಕ್ಕೇ ಗಡ್ಡೆಗಳನ್ನು ಅಕ್ಟೋಬರ್‌ನಲ್ಲಿ ಇಲ್ಲಿನ ಬಾಲ್ಕನಿ ಕುಂಡದಲ್ಲೇ ನೆಡುತ್ತೇನೆ, ಗಡ್ಡೆಯ ಎತ್ತರದ ಮೂರು ಪಟ್ಟು ಆಳಕ್ಕೆ. ಅಮ್ಮನ ವೀಸಾ ಕಾಗದಗಳನ್ನು ಜನವರಿಯಲ್ಲೇ ಜೋಡಿಸಲು ಶುರು ಮಾಡುತ್ತೇನೆ.