ಪೊಲೀಸರ ಮಾತು ಆಮೇಲೆ, ಮೊದಲು ಸಾರ್ಕ್‌ಗೆ ಹೋಗಿ

ನಾನು ಇಂಗ್ಲೆಂಡಿಗೆ ಬಂದ ಹೊಸತು. ಒಂದು ಭಾನುವಾರ ಬೆಳಗ್ಗೆ ಗೆಳತಿಯೊಬ್ಬಳು ನಡುಗುತ್ತಾ ಮನೆಗೆ ಬಂದಳು. ಹಿಂದಿನ ರಾತ್ರಿ ಪರಿಚಯದವನೇ ಅತ್ಯಾಚಾರ ಮಾಡಿದ್ದ. ನಾನು ಅವಳಿಗೆ ಸ್ನಾನ ಮಾಡಿಸಿದೆ, ಟೀ ಕುಡಿಸಿದೆ, ಬಟ್ಟೆಗಳನ್ನು ವಾಷಿಂಗ್ ಮಷೀನಿಗೆ ಹಾಕಿದೆ. ಆಮೇಲೆ ಪೊಲೀಸರಿಗೆ ಹೇಳೋದಾ ಬೇಡವಾ, ವೀಸಾಗೆ ತೊಂದರೆಯಾದರೆ, ಊರಲ್ಲಿ ಅಪ್ಪ ಅಮ್ಮನಿಗೆ ಗೊತ್ತಾದರೆ ಅಂತ ದಿನಗಟ್ಟಲೆ ಮಾತಾಡಿದೆವು. ಡಾಕ್ಟರ ಹತ್ತಿರ ಪರೀಕ್ಷೆಗೆ ಹೋದದ್ದು ಹತ್ತನೇ ದಿನ. ಈಚೆಗೆ ಬಂದವರೂ ಇದನ್ನೇ ಮಾಡುತ್ತಿರುವುದನ್ನು ನೋಡಿ, ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಪ್ಪಿನ ಬೇರು ಊರಿನ ಅಭ್ಯಾಸದಲ್ಲಿತ್ತು. ನಮ್ಮಲ್ಲಿ ಇಂಥ ಪ್ರಕರಣ ಆಸ್ಪತ್ರೆಗೆ ಹೋದರೆ ಎಂ.ಎಲ್.ಸಿ., ಅಂದರೆ ಮೆಡಿಕೋ-ಲೀಗಲ್ ಕೇಸು, ಆಗುತ್ತದೆ. ಆಸ್ಪತ್ರೆಯವರು ಕೂಡಲೇ ಪೊಲೀಸರಿಗೆ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ. ಹಾಗಾಗಿ ಪರೀಕ್ಷೆ ಅಂದರೆ ಕಂಪ್ಲೇಂಟ್ ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಸೆಕ್ಷುಯಲ್ ಅಸಾಲ್ಟ್ ರೆಫರಲ್ ಸೆಂಟರ್, ಇಲ್ಲಿಯವರ ಬಾಯಲ್ಲಿ ಸಾರ್ಕ್, ಅತ್ಯಾಚಾರಕ್ಕೆ ಒಳಗಾದವರ ಪರೀಕ್ಷೆಗೆ, ಆರೈಕೆಗೆ ಅಂತಲೇ ಇರುವ ಜಾಗ. ಮೊದಲನೆಯದು 1986ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಶುರುವಾಯಿತು. ವಯಸ್ಕರು ಪೊಲೀಸರಿಗೆ ಏನೂ ಹೇಳದೆ ನೇರವಾಗಿ ಫೋನ್ ಮಾಡಿ ಹೋಗಬಹುದು. ಮೈಯಿಂದ ಸಾಕ್ಷ್ಯದ ಸ್ಯಾಂಪಲ್ ತೆಗೆದು, ಸೀಲ್ ಮಾಡಿ, ಫ್ರೀಜರಿನಲ್ಲಿ ಇಡುತ್ತಾರೆ. ಸಾಮಾನ್ಯವಾಗಿ ಎರಡು ವರ್ಷ ಇಡುತ್ತಾರೆ, ಆದರೆ ನಿಮ್ಮ ಕೇಂದ್ರದಲ್ಲಿ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ಕಂಪ್ಲೇಂಟ್ ಕೊಡುವುದನ್ನು ಆರು ತಿಂಗಳು ಬಿಟ್ಟು ನಿರ್ಧರಿಸಿದರೂ ನಡೆಯುತ್ತದೆ. ಹದಿನೆಂಟರ ಒಳಗಿನವರಾದರೆ, ಅಥವಾ ಯಾರದ್ದಾದರೂ ಜೀವಕ್ಕೆ ಅಪಾಯವಿದೆ ಅನಿಸಿದರೆ ಮಾತ್ರ ಅವರು ಬೇರೆಯವರಿಗೆ ತಿಳಿಸಬೇಕಾಗಬಹುದು.

ನಿರ್ಧಾರ ಕಾಯುತ್ತದೆ, ದೇಹ ಕಾಯುವುದಿಲ್ಲ. ಸ್ಯಾಂಪಲ್ ತೆಗೆಯಲು ಇರುವ ಗಡುವು ಇಷ್ಟು: ಯೋನಿಯದ್ದಕ್ಕೆ ಸುಮಾರು 7 ದಿನ, ಗುದದ್ದಕ್ಕೆ 3 ದಿನ, ಬಾಯಿಯದ್ದಕ್ಕೆ 2 ದಿನ. ಕುಡಿಯುವುದರಲ್ಲಿ ಏನಾದರೂ ಬೆರೆಸಿದ್ದಾರೆ ಅನ್ನುವ ಅನುಮಾನವಿದ್ದರೆ ಮೂತ್ರಕ್ಕೆ 5 ದಿನ, ರಕ್ತಕ್ಕೆ 3 ದಿನ. ಆದರೆ ಮಂಪರು ಬರಿಸುವ ಜಿ.ಎಚ್.ಬಿ.ಯಂಥ ಮದ್ದು ಹನ್ನೆರಡು ಗಂಟೆಯೊಳಗೇ ಮೂತ್ರದಿಂದ ಮಾಯವಾಗುತ್ತದೆ. ತಡೆಯಲಾಗದೆ ಮೂತ್ರಕ್ಕೆ ಹೋಗಲೇಬೇಕಾದರೆ ಶುಭ್ರವಾದ ಡಬ್ಬಿಯಲ್ಲಿ ಹಿಡಿದಿಟ್ಟುಕೊಂಡು ಹೋಗಿ. ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್ ಕವರಿನಲ್ಲೂ ಕಟ್ಟಬೇಡಿ, ತೇವ ಉಳಿದು ಡಿ.ಎನ್.ಎ. ಹಾಳಾಗುತ್ತದೆ. ಒಂದೊಂದು ಬಟ್ಟೆಗೆ ಒಂದೊಂದು ಕಾಗದದ ಚೀಲ. ಸ್ನಾನ ಆಗಿಹೋಗಿದ್ದರೂ, ಬಟ್ಟೆ ಒಗೆದಾಗಿದ್ದರೂ ಹೋಗಿ.

ರಕ್ತಸ್ರಾವವೋ ದೊಡ್ಡ ಗಾಯವೋ ಇದ್ದರೆ ಮೊದಲು ಎಮರ್ಜೆನ್ಸಿಗೆ. ಇಲ್ಲದಿದ್ದರೆ ಅಲ್ಲಿ ಕಾಯುತ್ತಾ ಕೂರಬೇಡಿ, ಜಿ.ಪಿ., ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರ, ಅಪಾಯಿಂಟ್‌ಮೆಂಟಿಗೂ ಕಾಯಬೇಡಿ. ಈ ಸ್ಯಾಂಪಲ್ ತೆಗೆಯುವ ಕೆಲಸ ಅಲ್ಲಿಯದಲ್ಲ. ಈ ವಿಷಯದಲ್ಲಿ ನಮ್ಮ ದೇಶದ ಕಾನೂನೇ ವಾಸಿ ಅನ್ನುತ್ತೇನೆ: ಖಾಸಗಿಯಾದರೂ ಸರಿ, ಪ್ರತಿ ಆಸ್ಪತ್ರೆಯೂ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕೆಂದು ಅದು ಹೇಳುತ್ತದೆ. ಇಲ್ಲಿ ಕೆಲವರು ಊರು ದಾಟಿ ಸಾರ್ಕ್ ಹುಡುಕಿಕೊಂಡು ಹೋಗಬೇಕು. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದ್ದು ಸಿಗುತ್ತದೆ. ಯಾವ ವೀಸಾದಲ್ಲಿದ್ದರೂ ಬಿಲ್ ಬರುವುದಿಲ್ಲ.

ಹೆಂಗಸು ಡಾಕ್ಟರೇ ಬೇಕು ಅಂತ ಫೋನಿನಲ್ಲೇ ಕೇಳಿ. ಕನ್ನಡ ದುಭಾಷಿಯನ್ನೂ ಕೇಳಿ. ಗಂಡನನ್ನೋ ಭಾವನನ್ನೋ ಅನುವಾದಕ್ಕೆ ಕೂರಿಸಬೇಡಿ, ದಯವಿಟ್ಟು. ಪರೀಕ್ಷೆಯ ಯಾವ ಹಂತದಲ್ಲಾದರೂ ಸಾಕು ಅಂದರೆ ನಿಲ್ಲಿಸುತ್ತಾರೆ. ನಮ್ಮ ಸುಪ್ರೀಂ ಕೋರ್ಟ್ 2013ರಲ್ಲೇ ಖಂಡಿಸಿದ ಎರಡು ಬೆರಳಿನ ಪರೀಕ್ಷೆಯ ಕತೆ ಕೇಳಿ ಬೆಳೆದವರಿಗೆ ಆ ಭಯ ಇದ್ದೇ ಇರುತ್ತದೆ. ಇಲ್ಲಿ ಅದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: ಗಾಯ ಇಲ್ಲ ಅಂದರೆ ಕೇಸು ಇಲ್ಲ ಅನ್ನುವುದು. ಅತ್ಯಾಚಾರವಾದ ಎಷ್ಟೋ ಮಂದಿಯ ಮೈಮೇಲೆ ಒಂದು ಗೀರೂ ಇರುವುದಿಲ್ಲ. ಡಾಕ್ಟರುಗಳಿಗೆ ಅದು ಗೊತ್ತು. ಹಾಗೆಯೇ ಡಿ.ಎನ್.ಎ. ಸಿಕ್ಕಿದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ಅವಳೇ ಒಪ್ಪಿದ್ದಳು ಅಂತ ಅವನು ಹೇಳಿದರೆ, ಡಿ.ಎನ್.ಎ. ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಆಗ ರಕ್ತದಲ್ಲಿದ್ದ ಮದ್ದು, ತೋಳಿನ ಸಣ್ಣ ಕಲೆ, ಮೊದಲು ಯಾರಿಗೆ ಏನು ಹೇಳಿದಿರಿ ಅನ್ನುವುದು ತೂಗುತ್ತವೆ. ವಾಟ್ಸಾಪ್ ಮೆಸೇಜ್ ಅಳಿಸಬೇಡಿ.

ಏಳು ದಿನ ದಾಟಿದ್ದರೂ ಫೋನ್ ಮಾಡಿ. ಎಚ್‌ಐವಿ ತಡೆಯುವ ಮಾತ್ರೆ ಶುರುಮಾಡಲು 72 ಗಂಟೆಯ ಗಡುವಿದೆ, ಆದರೆ ಕೌನ್ಸೆಲಿಂಗಿಗೆ ಗಡುವಿಲ್ಲ, ದೂರು ಕೊಡುವುದಕ್ಕೂ ಇಲ್ಲ. ಗೆಳತಿ ಹತ್ತನೇ ದಿನ ಹೋದಾಗ ಸ್ಯಾಂಪಲ್ಲಿಗೆ ಕಾಲ ಮೀರಿತ್ತು. ಆದರೂ ಡಾಕ್ಟರಮ್ಮ ಅವಳ ತೋಳು ಹಿಡಿದು, ಹಳದಿಗೆ ತಿರುಗಿದ್ದ ನಾಲ್ಕು ಬೆರಳಿನ ಗುರುತುಗಳ ಪಕ್ಕ ಪುಟ್ಟ ಸ್ಕೇಲ್ ಇಟ್ಟು, ಒಂದೊಂದನ್ನೂ ಅಳೆದು ಚಿತ್ರದ ಮೇಲೆ ಗುರುತು ಮಾಡಿಕೊಂಡರು.